ಕಪ್ಪು-ಬಿಳುಪು ಫೋಟೊ ಇಂಕ್‌ಜೆಟ್‌ನಲ್ಲಿ ಚೆನ್ನಾಗಿ ಬರಬೇಕಾದರೆ ಏನು ಮಾಡಬೇಕು?

ಇಂಕ್ ಟ್ಯಾಂಕ್ ಪ್ರಿಂಟರ್ ಈಗ ಎಷ್ಟೋ ಮನೆಗಳಿಗೆ ಬಂದಿದೆ. ಮಕ್ಕಳ ಪ್ರಾಜೆಕ್ಟಿಗೆ, ಅರ್ಜಿಗಳಿಗೆ ಅಂತ ತಂದದ್ದು. ಅದರಲ್ಲೇ ಒಂದು ದಿನ ಅಜ್ಜ-ಅಜ್ಜಿಯ ಮದುವೆ ಫೋಟೊ ಪ್ರಿಂಟ್ ಮಾಡಿ ನೋಡೋಣ ಅನಿಸುತ್ತದೆ. ಟ್ರಂಕಿನಲ್ಲಿದ್ದ ಹಳೇ ಫೋಟೊ ಸ್ಕ್ಯಾನ್ ಆಗುತ್ತದೆ, ಅಂಗಡಿಯಿಂದ ಗ್ಲಾಸಿ ಪೇಪರ್ ಬರುತ್ತದೆ. ಪ್ರಿಂಟ್ ಕೊಟ್ಟರೆ ಅಜ್ಜನ ಕರಿಕೋಟು ಹಸಿರು ಹೊಡೆಯುತ್ತದೆ, ಅಜ್ಜಿಯ ಮುಖ ನಸು ನೇರಳೆಯಾಗಿರುತ್ತದೆ. ಅದೇ ಪ್ರಿಂಟರ್ ಹುಟ್ಟುಹಬ್ಬದ ಕಲರ್ ಫೋಟೊವನ್ನು ಚೆನ್ನಾಗಿಯೇ ತೆಗೆದುಕೊಟ್ಟಿರುತ್ತದೆ. ಬಣ್ಣವೇ ಇಲ್ಲದ ಫೋಟೊ ಇನ್ನೂ ಸುಲಭ ಆಗಬೇಕಿತ್ತು, ಅಲ್ವಾ?

ಆಗುವುದು ತಿರುಗಾಮುರುಗಾ. ಇಂಕ್‌ಜೆಟ್ ಪ್ರಿಂಟರ್‌ಗೆ ಎಲ್ಲಕ್ಕಿಂತ ಕಷ್ಟದ ಬಣ್ಣ ಅಂದರೆ ಬೂದು. ಕಪ್ಪು-ಬಿಳುಪು ಫೋಟೊ ತುಂಬಾ ಇರುವುದು ಅದೇ. ಈ ಒಂದು ಸಂಗತಿ ಅರ್ಥವಾದರೆ ಇಂಕ್, ಕಾಗದ, ಸೆಟ್ಟಿಂಗ್ ಇವೆಲ್ಲ ಯಾಕೆ ಮುಖ್ಯ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಬೂದು ಬಣ್ಣ ಬರುವುದು ಎಲ್ಲಿಂದ?

ಸಾಮಾನ್ಯ ಪ್ರಿಂಟರ್‌ನಲ್ಲಿ ನಾಲ್ಕು ಇಂಕ್ ಇರುತ್ತವೆ: ಸಯಾನ್ ಅನ್ನುವ ನೀಲಿ, ಮೆಜೆಂಟಾ ಅನ್ನುವ ಗುಲಾಬಿ, ಹಳದಿ ಮತ್ತು ಕಪ್ಪು. ಬಿಳಿ ಇಂಕ್ ಇರುವುದಿಲ್ಲ. ಫೋಟೊದಲ್ಲಿ ಕಾಣುವ ಬಿಳಿ ಅಂದರೆ ಇಂಕ್ ಬೀಳದೆ ಉಳಿದ ಕಾಗದ. ಬೂದು ಇಂಕೂ ಇರುವುದಿಲ್ಲ.

ಪ್ರಿಂಟ್ ಹೆಡ್‌ನಲ್ಲಿ ಕೂದಲೆಳೆಗಿಂತ ಸಣ್ಣ ತೂತುಗಳಿರುತ್ತವೆ. ಅವೇ ನಾಝಲ್‌ಗಳು. ಅಲ್ಲಿಂದ ಇಂಕಿನ ಹನಿಗಳು ಕಾಗದದ ಮೇಲೆ ಚಿಮ್ಮುತ್ತವೆ. ಫೋಟೊಗೆ ಅಂತಲೇ ಮಾಡಿದ ಪ್ರಿಂಟರ್‌ಗಳಲ್ಲಿ ಒಂದು ಹನಿ ಕೆಲವೇ ಪಿಕೊಲೀಟರ್ ಇರುತ್ತದೆ. ಒಂದು ಲೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಭಾಗವೇ ಒಂದು ಪಿಕೊಲೀಟರ್. ಹನಿ ಎಷ್ಟೇ ಸಣ್ಣದಿರಲಿ, ಅದರ ಬಣ್ಣ ಮಾತ್ರ ಪೂರ್ತಿ ಗಾಢ. ಅರ್ಧ ಕಪ್ಪು ಅನ್ನುವ ಹನಿ ಇಲ್ಲ.

ಹಾಗಾಗಿ ಬೂದು ತೋರಿಸಲು ಪ್ರಿಂಟರ್‌ಗೆ ಎರಡೇ ದಾರಿ. ಮೊದಲನೆಯದು, ಕಪ್ಪು ಚುಕ್ಕಿಗಳನ್ನು ದೂರ ದೂರ ಹಾಕಿ ನಡುವೆ ಬಿಳಿ ಬಿಡುವುದು. ಹೀಗೆ ಮಾಡಿದರೆ ಬಣ್ಣ ಸೋಕುವುದಿಲ್ಲ. ಆದರೆ ಕೆನ್ನೆ, ಆಕಾಶ, ಬಿಳಿ ಪಂಚೆಯಂಥ ತಿಳಿ ಜಾಗಗಳಲ್ಲಿ ಚುಕ್ಕಿ ಎದ್ದು ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿ, ಬಿಳಿ ಕಾಗದದ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಚುಕ್ಕಿ ಕೂತಿರುತ್ತದೆ. ಎರಡನೆಯದು, ನೀಲಿ, ಗುಲಾಬಿ, ಹಳದಿ ಮೂರನ್ನೂ ಬೆರೆಸುವುದು. ಮೂರೂ ಸಮವಾಗಿ ಸೇರಿದರೆ ಕಣ್ಣಿಗೆ ಬೂದು ಕಾಣುತ್ತದೆ. ಕಪ್ಪಿಗಿಂತ ಈ ಚುಕ್ಕಿಗಳು ತಿಳಿ, ಆದ್ದರಿಂದ ಫೋಟೊ ನುಣುಪಾಗಿ ಬರುತ್ತದೆ. ತೊಂದರೆ ಇರುವುದು ಆ ಸಮದಲ್ಲಿ. ಸಾರಿಗೆ ಉಪ್ಪು-ಹುಳಿ-ಖಾರದ ಹದ ಇದ್ದ ಹಾಗೆ ಇದು. ಒಂದು ಚೂರು ಹೆಚ್ಚುಕಮ್ಮಿ ಆದರೂ ಗೊತ್ತಾಗಿಬಿಡುತ್ತದೆ. ಗುಲಾಬಿ ಒಂಚೂರು ಜಾಸ್ತಿಯಾದರೆ ಮುಖ ನೇರಳೆ, ಕಮ್ಮಿಯಾದರೆ ಹಸಿರು.

ಕಲರ್ ಫೋಟೊದಲ್ಲೂ ಇದೇ ತಪ್ಪು ಆಗುತ್ತಿರುತ್ತದೆ. ಕೆಂಪು ಸೀರೆ ಒಂಚೂರು ಬೇರೆ ಕೆಂಪಾದರೆ ಯಾರಿಗೂ ತಿಳಿಯುವುದಿಲ್ಲ. ಬೂದಿನ ವಿಷಯದಲ್ಲಿ ಮಾತ್ರ ನಮ್ಮ ಕಣ್ಣು ಬಹಳ ಚುರುಕು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮನೆಗೆ ತರುವ ಎಷ್ಟೋ ನಾಲ್ಕು ಇಂಕಿನ ಪ್ರಿಂಟರ್‌ಗಳಲ್ಲಿ ಕಪ್ಪು ಇಂಕ್ ಇರುವುದು ಅಕ್ಷರ ಮುದ್ರಿಸಲು. ಅದು ಪಿಗ್ಮೆಂಟ್ ಇಂಕ್, ಅಂದರೆ ನೀರಿನಲ್ಲಿ ಕರಗದೆ ತೇಲುವ ಕರಿ ಪುಡಿ. ಗ್ಲಾಸಿ ಕಾಗದದ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ, ಒರೆಸಿದರೆ ಬರುತ್ತದೆ. ಆದ್ದರಿಂದ ನೀವು ಗ್ಲಾಸಿ ಅಂತ ಆರಿಸಿದ ಕೂಡಲೇ ಪ್ರಿಂಟರ್ ಆ ಕಪ್ಪನ್ನು ಬದಿಗಿಟ್ಟು, ಕರಿಕೋಟನ್ನೂ ಮೂರು ಬಣ್ಣ ಬೆರೆಸಿಯೇ ಮಾಡುತ್ತದೆ. ಕೋಟು ಹಸಿರು ಹೊಡೆಯುವುದಕ್ಕೆ ಇದೇ ಕಾರಣ. ಅಂಥ ಪ್ರಿಂಟರ್ ಇದ್ದರೆ ಗ್ಲಾಸಿ ಬಿಟ್ಟು ಮ್ಯಾಟ್, ಅಂದರೆ ಹೊಳಪಿಲ್ಲದ ಫೋಟೊ ಪೇಪರ್ ಹಾಕಿ, ಸೆಟ್ಟಿಂಗ್‌ನಲ್ಲಿ ಮ್ಯಾಟ್ ಮತ್ತು ಗ್ರೇಸ್ಕೇಲ್ (ಬರೀ ಕಪ್ಪು-ಬಿಳುಪು) ಆರಿಸಿ ನೋಡಿ. ಸಾಮಾನ್ಯವಾಗಿ ಆಗ ಕಪ್ಪು ಇಂಕ್ ಕೆಲಸಕ್ಕೆ ಬರುತ್ತದೆ. ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ ಇದು.

ಕಿಟಕಿ ಹತ್ತಿರ ಒಂದು ಬಣ್ಣ, ಬಲ್ಬಿನ ಕೆಳಗೆ ಇನ್ನೊಂದು

ಕೆಲವು ಪ್ರಿಂಟ್‌ಗಳು ಇನ್ನೂ ಗೊಂದಲ ಮಾಡುತ್ತವೆ. ಬೆಳಿಗ್ಗೆ ಕಿಟಕಿ ಬೆಳಕಿನಲ್ಲಿ ಬೂದು ಸರಿಯಾಗಿಯೇ ಇರುತ್ತದೆ. ಸಂಜೆ ಎಲ್‌ಇಡಿ ಬಲ್ಬಿನ ಕೆಳಗೆ ಅದೇ ಹಾಳೆ ಗುಲಾಬಿಯೋ ಹಸಿರೋ ಆಗಿಬಿಟ್ಟಿರುತ್ತದೆ. ಕಣ್ಣಿನ ಭ್ರಮೆ ಅಲ್ಲ ಇದು. ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಸೇರಿರುತ್ತವೆ. ಬಲ್ಬುಗಳ ಬೆಳಕಿನಲ್ಲಿ ಕೆಲವು ಬಣ್ಣ ಜಾಸ್ತಿ, ಕೆಲವು ಕಮ್ಮಿ. ಮೂರು ಇಂಕ್ ಬೆರೆಸಿದ ಬೂದು ಒಂದು ಬೆಳಕಿಗೆ ಸಮ ಆಗಿದ್ದರೆ ಇನ್ನೊಂದಕ್ಕೆ ಸಮ ಆಗಿರಬೇಕು ಅಂತೇನಿಲ್ಲ. ಇದಕ್ಕೆ ಮೆಟಮೆರಿಸಂ ಅನ್ನುತ್ತಾರೆ.

ಕರಿ ಪುಡಿಯಿಂದಲೇ ಮಾಡಿದ ಬೂದಿಗೆ ಈ ಕಾಟ ಬಹಳ ಕಡಿಮೆ. ಅದು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೀರುತ್ತದೆ.

ಬೂದು ಇಂಕ್ ಇರುವ ಪ್ರಿಂಟರ್‌ಗಳು

ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. ಕಂಪ್ಯೂಟರ್‌ನಿಂದ ತೆಗೆದ ಪ್ರಿಂಟನ್ನು ಕಲಾಕೃತಿ ಅಂತ ಗೋಡೆಗೆ ಹಾಕಬಹುದು ಅನ್ನುವ ನಂಬಿಕೆ ಬರಲು ಕಾರಣರಾದವರಲ್ಲಿ ಸಂಗೀತಗಾರ ಗ್ರಹಾಂ ನ್ಯಾಶ್ ಒಬ್ಬರು. ಅವರಿಗೆ ಫೋಟೊ ತೆಗೆಯುವ ಹುಚ್ಚು ಬಹಳ. ಪುಸ್ತಕ, ಪತ್ರಿಕೆ ಅಚ್ಚಾಗುವ ಮೊದಲು ಬಣ್ಣ ಪರೀಕ್ಷಿಸಲು ಬಳಸುತ್ತಿದ್ದ ಐರಿಸ್ ಅನ್ನುವ ದೊಡ್ಡ ಇಂಕ್‌ಜೆಟ್ ಯಂತ್ರದಲ್ಲಿ ತಮ್ಮ ಕಪ್ಪು-ಬಿಳುಪು ಚಿತ್ರಗಳನ್ನು ತೆಗೆಸಿದರು. 1991ರಲ್ಲಿ ಗೆಳೆಯ ಮ್ಯಾಕ್ ಹೋಲ್ಬರ್ಟ್ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ನ್ಯಾಶ್ ಎಡಿಷನ್ಸ್ ಅನ್ನುವ ಪ್ರಿಂಟ್ ಸ್ಟುಡಿಯೋ ಶುರು ಮಾಡಿದರು. ಅವರ ಆ ಮೊದಲ ಪ್ರಿಂಟರ್ ಈಗ ಅಮೆರಿಕದ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ.

ಮನೆಯ ಮೇಜಿನ ಮೇಲೆ ಕೂರುವ ಪ್ರಿಂಟರ್‌ಗಳಲ್ಲಿ ದೊಡ್ಡ ಹೆಜ್ಜೆ ಬಿದ್ದದ್ದು 2005ರಲ್ಲಿ. ಆಗ ಬಂದ ಎಪ್ಸನ್ ಆರ್2400ರಲ್ಲಿ ಕಪ್ಪು ಮೂರು ಬಗೆ: ಪೂರ್ತಿ ಕಪ್ಪು, ತಿಳಿ ಕಪ್ಪು, ಅದಕ್ಕಿಂತ ತಿಳಿ ಕಪ್ಪು. ತಿಳಿ ಜಾಗಕ್ಕೆ ತಿಳಿ ಇಂಕನ್ನೇ ದಟ್ಟವಾಗಿ ಹಾಕಬಹುದಾದ್ದರಿಂದ ಚುಕ್ಕಿಯೂ ಕಾಣುವುದಿಲ್ಲ, ಬಣ್ಣವೂ ಹೊಡೆಯುವುದಿಲ್ಲ. ಬೂದಿನ ಎರಡೂ ಕಷ್ಟ ಒಟ್ಟಿಗೇ ತೀರಿದವು. ಹಾಗಂತ ಬಣ್ಣದ ಇಂಕ್ ಪೂರ್ತಿ ಬಿಟ್ಟುಬಿಡುವುದಿಲ್ಲ. ಕರಿ ಪುಡಿಯನ್ನು ತೆಳುವಾಗಿ ಹರಡಿದರೆ ಅದು ನಸು ಕಂದು ಕಾಣುತ್ತದೆ. ಅದನ್ನು ಸರಿದೂಗಿಸಲು ಪ್ರಿಂಟರ್ ಒಂದಿಷ್ಟು ನೀಲಿ, ಗುಲಾಬಿ ಸೇರಿಸುತ್ತದೆ.

ಈಗ ಕೊಳ್ಳುವವರು ಒಂದು ಕಡೆ ಎಡವುತ್ತಾರೆ. ಡಬ್ಬಿಯ ಮೇಲೆ ಆರು ಬಣ್ಣ ಅಂತ ಇದ್ದರೆ ಅದರಲ್ಲಿ ಬೂದು ಇದ್ದೇ ಇರುತ್ತದೆ ಅಂದುಕೊಳ್ಳುತ್ತಾರೆ. ಎಪ್ಸನ್ ಎಲ್8050ರ ಆರರಲ್ಲಿ ಹೆಚ್ಚಿನ ಎರಡು ಇಂಕ್ ತಿಳಿ ನೀಲಿ ಮತ್ತು ತಿಳಿ ಗುಲಾಬಿ. ಕಲರ್ ಫೋಟೊದ ಮೈಬಣ್ಣಕ್ಕೆ ಅವು ಬಹಳ ಒಳ್ಳೆಯವು, ಬೂದಿಗೆ ನೇರ ಉಪಯೋಗವಿಲ್ಲ. ಕ್ಯಾನನ್ ಜಿ570ರಲ್ಲಿ, ಎಪ್ಸನ್ ಎಲ್8180ರಲ್ಲಿ ಒಂದು ಬೂದು ಇಂಕ್ ಇದೆ. ಕಪ್ಪು-ಬಿಳುಪೇ ಮುಖ್ಯ ಅನ್ನುವವರು ಬಣ್ಣಗಳ ಎಣಿಕೆ ಬಿಟ್ಟು ಬಣ್ಣಗಳ ಹೆಸರು ಓದಬೇಕು.

ಹೆಸರು ಓದುವಾಗ ಡೈ ಅಥವಾ ಪಿಗ್ಮೆಂಟ್ ಅನ್ನುವುದನ್ನೂ ನೋಡಿ. ಡೈ ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಗ್ಲಾಸಿ ಮೇಲೆ ಹೊಳೆಯುತ್ತದೆ, ಬೇಗ ಮಾಸುತ್ತದೆ. ಪಿಗ್ಮೆಂಟ್ ಪುಡಿಯಾದ್ದರಿಂದ ಬಾಳಿಕೆ ಹೆಚ್ಚು, ಬೆಲೆಯೂ ಹೆಚ್ಚು.

ಕಾಗದವೇ ಅರ್ಧ ಫೋಟೊ

ಪ್ರಿಂಟರ್ ಬಗ್ಗೆ ತಲೆಕೆಡಿಸಿಕೊಂಡಷ್ಟು ಜನ ಕಾಗದದ ಬಗ್ಗೆ ಯೋಚಿಸುವುದಿಲ್ಲ. ನನ್ನ ಮಟ್ಟಿಗೆ ಸಾಧಾರಣ ಪ್ರಿಂಟರ್, ಒಳ್ಳೆಯ ಕಾಗದ ಅನ್ನುವ ಜೋಡಿಯೇ ವಾಸಿ.

ಕಪ್ಪು-ಬಿಳುಪು ಫೋಟೊದ ಜೀವ ಇರುವುದು ಕಪ್ಪು ಎಷ್ಟು ಕಪ್ಪು ಅನ್ನುವುದರಲ್ಲಿ. ಕಪ್ಪಾದ ಜಾಗವೂ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಒಳ್ಳೆಯ ಮ್ಯಾಟ್ ಕಾಗದದ ಮೇಲಿನ ಕಪ್ಪು, ಬಿದ್ದ 100 ಪಾಲು ಬೆಳಕಿನಲ್ಲಿ ಸುಮಾರು 2ರಿಂದ 3 ಪಾಲನ್ನು ವಾಪಸು ಕಳಿಸುತ್ತದೆ. ಹೊಳಪಿರುವ ಒಳ್ಳೆಯ ಕಾಗದದಲ್ಲಿ ಇದು ಒಂದು ಪಾಲಿಗಿಂತಲೂ ಕಮ್ಮಿ. ಆಫೀಸಿನ ಜೆರಾಕ್ಸ್ ಕಾಗದದಲ್ಲಿ ಇಂಕ್ ನಾರಿನೊಳಗೆ ಇಳಿದುಹೋಗುವುದರಿಂದ ಕಪ್ಪು ಬರೀ ಕಡುಬೂದಾಗಿ ನಿಲ್ಲುತ್ತದೆ. ಫೋಟೊ ಪೇಪರ್‌ಗೆ ಮೇಲ್ಗಡೆ ಒಂದು ಲೇಪ ಇರುತ್ತದೆ. ಇಂಕನ್ನು ಮೇಲೆಯೇ ಹಿಡಿದು ನಿಲ್ಲಿಸುವುದು ಅದರ ಕೆಲಸ.

ಕಾಗದಗಳಲ್ಲಿ ಮೂರು ಮುಖ್ಯ ಬಗೆ. ಗ್ಲಾಸಿ ಮತ್ತು ಲಸ್ಟರ್ ಮೊದಲನೆಯದು. ಇವುಗಳಲ್ಲಿ ಕಾಗದದ ಎರಡೂ ಕಡೆ ತೆಳು ಪ್ಲಾಸ್ಟಿಕ್ ಇರುತ್ತದೆ, ಸ್ಟುಡಿಯೋ ಫೋಟೊ ಹಾಗೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಪೂರ್ತಿ ಗ್ಲಾಸಿಗಿಂತ ನವಿರು ತರಿ ಇರುವ ಲಸ್ಟರ್ ಕಪ್ಪು-ಬಿಳುಪಿಗೆ ಒಪ್ಪುತ್ತದೆ, ದೀಪದ ಬಿಂಬ ಅದರಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಎರಡನೆಯದು ಹತ್ತಿಯ ಮ್ಯಾಟ್ ಕಾಗದ. ಜರ್ಮನಿಯ ಹಾನೆಮ್ಯೂಲೆ ಕಂಪನಿ 1584ರಿಂದ ಕಾಗದ ಮಾಡುತ್ತಿದೆ. ಅದರ ಫೋಟೊ ರ‍್ಯಾಗ್ ಪೂರ್ತಿ ಹತ್ತಿ ನಾರಿನದು, ಚದರ ಮೀಟರಿಗೆ 308 ಗ್ರಾಂ ತೂಕ. ನಾವು ಬಳಸುವ ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70–75 ಗ್ರಾಂ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಕಪ್ಪು ಲೆಕ್ಕದಲ್ಲಿ ಕಮ್ಮಿ ಗಾಢವಾದರೂ ಮಂಜು, ಮುಖ, ಬಟ್ಟೆಯ ಮಡಿಕೆಗಳು ಇದರ ಮೇಲೆ ಬಹಳ ಮೃದುವಾಗಿ ಬರುತ್ತವೆ. ಗಾಜು ಹಾಕಿ ನೇತುಹಾಕಿದ ಮೇಲೆ ಕಪ್ಪಿನ ವ್ಯತ್ಯಾಸವೂ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಬರೈಟಾ. ಕತ್ತಲೆ ಕೋಣೆಯಲ್ಲಿ ಫೋಟೊ ತೊಳೆಯುತ್ತಿದ್ದ ಕಾಲದ ಡಾರ್ಕ್‌ರೂಮ್ ಕಾಗದದಲ್ಲಿ ಬೇರಿಯಂ ಸಲ್ಫೇಟ್ ಅನ್ನುವ ಬಿಳಿ ಪುಡಿಯ ಪದರ ಇರುತ್ತಿತ್ತು. ಆ ಬಿಳುಪು, ಆ ತೆಳು ಹೊಳಪು ಅದರಿಂದ ಬರುತ್ತಿತ್ತು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ತಲೆಮಾರಿನವರ ಪ್ರಿಂಟ್‌ಗಳನ್ನು ಹತ್ತಿರದಿಂದ ನೋಡಿದವರಿಗೆ ಆ ಹೊಳಪು ನೆನಪಿರುತ್ತದೆ. ಅಲ್ಲಿ ಚುಕ್ಕಿ ಅನ್ನುವುದೇ ಇರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಬೆಳಕು ಬಿದ್ದಷ್ಟೂ ಕಪ್ಪಾಗುತ್ತಿದ್ದವು. ಅದೇ ಪದರವನ್ನು ಈಗ ಇಂಕ್‌ಜೆಟ್ ಕಾಗದಕ್ಕೂ ಹಾಕುತ್ತಾರೆ. ಬೆಲೆ ಜಾಸ್ತಿ. ಮನೆಯ ಒಂದೇ ಒಂದು ಮುಖ್ಯ ಫೋಟೊ ಮಾಡಿಸುವುದಾದರೆ ಈ ಖರ್ಚು ಮಾಡಬಹುದು.

ಕಣ್ಣು ಕೋರೈಸುವಷ್ಟು ಬೆಳ್ಳಗಿರುವ ಕಾಗದಗಳಲ್ಲಿ ಬಟ್ಟೆ ಸೋಪಿನ ಪುಡಿಯಲ್ಲಿರುವಂಥದೇ ಬಿಳುಪುಕಾರಕ ಇರುತ್ತದೆ. ವರ್ಷಗಳು ಕಳೆದಂತೆ ಅದರ ಶಕ್ತಿ ಕುಂದಿ, ಕಾಗದ ನಸು ಹಳದಿಯಾಗುತ್ತದೆ. ಬಹುಕಾಲ ಉಳಿಯಬೇಕಾದ ಫೋಟೊಗೆ ಅದಿಲ್ಲದ ಕಾಗದ ಒಳ್ಳೆಯದು.

ಫೈಲ್ ತಯಾರು ಮಾಡುವಾಗ

ಹಳೇ ಫೋಟೊ ಕಪ್ಪು-ಬಿಳುಪೇ ಆದರೂ ಸ್ಕ್ಯಾನ್ ಕಲರ್‌ನಲ್ಲೇ ಮಾಡಿ. ಹಳೇ ಫೋಟೊ ಹಳದಿಗಟ್ಟಿರುತ್ತದೆ, ಮೇಲೆ ನೀರಿನ ಕಲೆ, ಚಹಾ ಬಣ್ಣದ ಮಚ್ಚೆ ಇರುತ್ತದೆ. ಕಲರ್ ಸ್ಕ್ಯಾನ್‌ನಲ್ಲಿ ಕೆಂಪು, ಹಸಿರು, ನೀಲಿ ಅನ್ನುವ ಮೂರು ಪದರಗಳಿರುತ್ತವೆ. ಹಳದಿ ಕಲೆ ನೀಲಿ ಪದರದಲ್ಲಿ ಢಾಳಾಗಿ ಕಾಣುತ್ತದೆ, ಕೆಂಪು ಪದರದಲ್ಲಿ ಬಹುತೇಕ ಮಾಯವಾಗುತ್ತದೆ. ಗಿಂಪ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲೂ ಮೂರನ್ನು ಬೇರೆ ಬೇರೆ ನೋಡಬಹುದು. ಕೆಂಪು ಪದರವನ್ನಷ್ಟೇ ಇಟ್ಟುಕೊಂಡರೆ ಗಂಟೆಗಟ್ಟಲೆ ಕಲೆ ಒರೆಸುವ ಕೆಲಸ ತಪ್ಪುತ್ತದೆ.

ಫೋಟೊ ಎಷ್ಟು ದೊಡ್ಡದು ಮಾಡಬಹುದು ಅನ್ನುವ ಲೆಕ್ಕ ಸುಲಭ. ಹತ್ತಿರದಿಂದ ನೋಡುವ ಪ್ರಿಂಟ್‌ಗೆ ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಸಾಕು. 4×6 ಇಂಚಿನ ಹಳೇ ಫೋಟೊವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರೆ 2400×3600 ಪಿಕ್ಸೆಲ್ ಸಿಗುತ್ತದೆ. ಅಂದರೆ 8×12 ಇಂಚಿಗೆ ಧಾರಾಳ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿಯೇ ಬಂದ ಚಿತ್ರದಲ್ಲಿ ಸಾಮಾನ್ಯವಾಗಿ ಇಷ್ಟು ಪಿಕ್ಸೆಲ್ ಉಳಿದಿರುವುದಿಲ್ಲ. ಊರಿನಿಂದ ಯಾರಾದರೂ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಸ್ಕ್ಯಾನರ್‌ನಲ್ಲಿ 16 ಬಿಟ್ ಅನ್ನುವ ಆಯ್ಕೆ ಇದ್ದರೆ ಅದನ್ನೇ ಬಳಸಿ. 8 ಬಿಟ್ ಫೈಲಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ ಇರುವುದು 256 ಮೆಟ್ಟಿಲು ಮಾತ್ರ. ಮಾಸಿದ ಫೋಟೊದಲ್ಲಿ ಅದರಲ್ಲೂ ಅರ್ಧ ಖಾಲಿ. ಅದನ್ನು ಎಳೆದು ಕಾಂಟ್ರಾಸ್ಟ್ ಹೆಚ್ಚಿಸಿದರೆ ಮೆಟ್ಟಿಲುಗಳ ನಡುವೆ ಬಿರುಕು ಬಿಟ್ಟು, ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. 16 ಬಿಟ್‌ನಲ್ಲಿ ಮೆಟ್ಟಿಲು ಸಾವಿರಗಟ್ಟಲೆ ಇರುವುದರಿಂದ ಎಷ್ಟು ಎಳೆದರೂ ನಡೆಯುತ್ತದೆ.

ಪ್ರಿಂಟ್ ಕಪ್ಪಗೆ ಬರುವುದು ಯಾಕೆ?

ಎಲ್ಲರೂ ಹೇಳುವ ದೂರು ಇದು: ಸ್ಕ್ರೀನ್ ಮೇಲೆ ಚೆನ್ನಾಗಿತ್ತು, ಕಾಗದದ ಮೇಲೆ ಕಪ್ಪಾಗಿದೆ. ಎಷ್ಟೋ ಸಲ ತಪ್ಪು ಪ್ರಿಂಟರ್‌ನದಲ್ಲ, ಸ್ಕ್ರೀನಿನದು. ಅದು ತಾನೇ ಬೆಳಗುತ್ತದೆ, ಕಾಗದ ಕೋಣೆಯ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ. ಅಂಗಡಿಯಿಂದ ತಂದಾಗ ಸ್ಕ್ರೀನ್ ಅತಿ ಪ್ರಕಾಶಕ್ಕೆ ಇಟ್ಟಿರುತ್ತದೆ. ಅದನ್ನು ನೋಡಿ ನಾವು ಫೋಟೊವನ್ನು ಕಪ್ಪಗೆ ಮಾಡಿಟ್ಟಿರುತ್ತೇವೆ. ಇದನ್ನು ಅಳೆದು ಸರಿಮಾಡುವ ಸಾಧನಗಳಿವೆ. ಇಲ್ಲದಿದ್ದರೆ ಒಂದು ಬಿಳಿ ಹಾಳೆಯನ್ನು ಸ್ಕ್ರೀನ್ ಪಕ್ಕ ಹಿಡಿಯಿರಿ. ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಎರಡೂ ಒಂದೇ ತೆರನಾಗಿ ಕಾಣುವವರೆಗೂ ಬ್ರೈಟ್‌ನೆಸ್ ಇಳಿಸಿ.

ಆಮೇಲೆ ಒಂದು ಪರೀಕ್ಷೆ. ಒಂದು ಸಾಲಿನಲ್ಲಿ 21 ಚೌಕ ಮಾಡಿ, ಬಿಳಿಯಿಂದ ಕಪ್ಪಿಗೆ ಶೇ 5ರ ಲೆಕ್ಕದಲ್ಲಿ ಏರಿಸುತ್ತಾ ಹೋಗಿ. ಫೋಟೊಗೆ ಬಳಸುವ ಕಾಗದದ ಸಣ್ಣ ತುಂಡಿನ ಮೇಲೆಯೇ ಇದನ್ನು ಪ್ರಿಂಟ್ ಮಾಡಿ. ಒಣಗಿದ ಮೇಲೆ ಕಿಟಕಿ ಹತ್ತಿರ ಹಿಡಿದು ಎಣಿಸಿ. ಕಪ್ಪಿನ ಕಡೆಯ ಕೊನೆಯ ಎರಡು ಮೂರು ಚೌಕಗಳ ನಡುವೆ ಗೆರೆಯೇ ಕಾಣದೆ ಒಂದೇ ಮುದ್ದೆಯಾಗಿದ್ದರೆ, ಅಜ್ಜನ ಕೋಟಿನ ಕಾಲರು, ಗುಂಡಿ, ಜೇಬು ಎಲ್ಲವೂ ಹೀಗೆಯೇ ಮುಳುಗುತ್ತವೆ ಅಂತ ಅರ್ಥ. ಆಗ ಫೋಟೊದ ಕಪ್ಪು ಭಾಗಗಳನ್ನು ಮಾತ್ರ ಒಂಚೂರು ತಿಳಿ ಮಾಡಿ. ಬಿಳಿ ಕಡೆಯ ಮೊದಲ ಚೌಕಗಳು ಮಾಯವಾಗಿದ್ದರೆ ಪಂಚೆಯ ಮಡಿಕೆ, ಸೀರೆಯ ಸೆರಗು ಹೋಗುತ್ತವೆ. ಆ ಭಾಗಕ್ಕೆ ಸ್ವಲ್ಪ ಬೂದು ಸೇರಿಸಬೇಕು. ನಡುವಿನ ಚೌಕಗಳಲ್ಲಿ ಎಲ್ಲಾದರೂ ಹಸಿರೋ ಗುಲಾಬಿಯೋ ಕಂಡರೆ ಅದೂ ಇಲ್ಲೇ ಸಿಕ್ಕಿಬೀಳುತ್ತದೆ. ಎ4 ಹಾಳೆಗಳನ್ನು ಸುಮ್ನೆ ಹಾಳುಮಾಡುವ ಬದಲು ಈ ಒಂದು ತುಂಡು ಸಾಕು.

ಸೆಟ್ಟಿಂಗ್‌ಗಳು

ಇಲ್ಲಿ ಹೇಳುವುದು ಕಮ್ಮಿ, ಆದರೆ ತಪ್ಪಿದರೆ ಮಿಕ್ಕದ್ದೆಲ್ಲ ವ್ಯರ್ಥ. ಪೇಪರ್ ಟೈಪ್ ಸರಿಯಾಗಿ ಆರಿಸಿ, ಎಷ್ಟು ಇಂಕ್ ಬಿಡಬೇಕು ಅಂತ ಪ್ರಿಂಟರ್ ತಿಳಿಯುವುದು ಅದರಿಂದಲೇ. ಫೋಟೊ ಪೇಪರ್ ಹಾಕಿ ಪ್ಲೇನ್ ಅಂತ ಬಿಟ್ಟರೆ ಇಂಕ್ ಸಾಲದೆ ಫೋಟೊ ಸಪ್ಪೆಯಾಗುತ್ತದೆ. ಬೂದು ಇಂಕಿರುವ ಎಪ್ಸನ್ ಫೋಟೊ ಪ್ರಿಂಟರ್‌ಗಳಲ್ಲಿ ಅಡ್ವಾನ್ಸ್ಡ್ ಬ್ಲ್ಯಾಕ್ ಆ್ಯಂಡ್ ವೈಟ್ ಅನ್ನುವ, ಕ್ಯಾನನ್‌ನಲ್ಲಿ ಬ್ಲ್ಯಾಕ್ ಆ್ಯಂಡ್ ವೈಟ್ ಫೋಟೊ ಅನ್ನುವ ಆಯ್ಕೆ ಇದ್ದರೆ ಅದನ್ನೇ ಬಳಸಿ. ಫೋಟೊವನ್ನು ತಾನಾಗಿಯೇ ಚಂದ ಮಾಡುವ ಆಟೋ ಆಯ್ಕೆಗಳನ್ನೆಲ್ಲ ಆಫ್ ಮಾಡಿಬಿಡಿ.

ಪ್ರೊಫೈಲ್ ಅಂದರೆ ಇಂಥ ಪ್ರಿಂಟರ್‌ನಲ್ಲಿ, ಇಂಥ ಕಾಗದದ ಮೇಲೆ ಯಾವ ಬಣ್ಣ ಹೇಗೆ ಬರುತ್ತದೆ ಅನ್ನುವ ಪಟ್ಟಿ. ದೊಡ್ಡ ಕಾಗದದ ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಕೊಡುತ್ತವೆ. ಬಣ್ಣದ ಹೊಣೆಯನ್ನು ಫೋಟೊ ಸಾಫ್ಟ್‌ವೇರ್‌ಗೆ ಬಿಡಿ, ಇಲ್ಲವೇ ಪ್ರಿಂಟರ್‌ಗೆ ಬಿಡಿ. ಇಬ್ಬರೂ ಸೇರಿ ತಿದ್ದಿದರೆ ಬೂದು ಕೆಟ್ಟೇ ಕೆಡುತ್ತದೆ.

ಪ್ರತಿ ಸಲ ಶುರುವಿನಲ್ಲಿ ನಾಝಲ್ ಚೆಕ್ ಮಾಡಿ. ಕಲಬುರಗಿ, ವಿಜಯಪುರದ ಬೇಸಿಗೆಯಲ್ಲಿ ವಾರಗಟ್ಟಲೆ ಬಿಟ್ಟ ಪ್ರಿಂಟರ್‌ನ ನಾಝಲ್ ಒಣಗಿ ಕಟ್ಟಿಕೊಳ್ಳುತ್ತದೆ. ಒಂದು ಬಣ್ಣ ಅರ್ಧ ನಿಂತರೂ ಬೂದಿನ ಹದ ತಪ್ಪುತ್ತದೆ. ವಾರಕ್ಕೊಂದು ಹಾಳೆಯಾದರೂ ಪ್ರಿಂಟ್ ಮಾಡುತ್ತಿರಿ.

ಎಷ್ಟು ವರ್ಷ ಉಳಿಯುತ್ತದೆ?

ತಾಳೆಗರಿಯ ಹಸ್ತಪ್ರತಿಗಳಲ್ಲಿ ಕಂಟದಿಂದ ಅಕ್ಷರ ಕೊರೆದು ಮೇಲೆ ಮಸಿ ಉಜ್ಜುತ್ತಿದ್ದರು. ಶತಮಾನಗಳ ಮೇಲೂ ಆ ಅಕ್ಷರ ಕಪ್ಪಾಗಿಯೇ ಇವೆ. ಆ ಮಸಿಯ ಇಂಗಾಲವೇ ಇಂದಿನ ಕಪ್ಪು ಪಿಗ್ಮೆಂಟ್ ಇಂಕಿನಲ್ಲೂ ಇರುವುದು. ಬಿಸಿಲಿಗೂ ಗಾಳಿಗೂ ಅದು ಸುಲಭಕ್ಕೆ ಮಾಸುವುದಿಲ್ಲ. ಡೈ ಇಂಕಿನ ಮೂರು ಬಣ್ಣ ಬೆರೆಸಿದ ಬೂದಿಗೆ ಈ ಗಟ್ಟಿತನ ಇಲ್ಲ, ಮೂರೂ ಒಂದೇ ವೇಗದಲ್ಲಿ ಮಾಸುವುದೂ ಇಲ್ಲ. 2000ದಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಹೊಸ ಫೋಟೊ ಪೇಪರ್ ಮೇಲಿನ ಪ್ರಿಂಟ್‌ಗಳು ಬಹಳ ಬೇಗ ಕಿತ್ತಳೆ ಬಣ್ಣಕ್ಕೆ ತಿರುಗಿ ಗಲಾಟೆಯಾಗಿತ್ತು. ಗಾಳಿಯಲ್ಲಿದ್ದ ಓಝೋನ್ ನೀಲಿ ಇಂಕನ್ನು ತಿಂದುಹಾಕಿತ್ತು. ಇಂಕ್‌ಗಳು ಅಲ್ಲಿಂದ ಬಹಳ ಸುಧಾರಿಸಿವೆ. ಆದರೂ ಡೈ ಪ್ರಿಂಟನ್ನು ಗಾಜಿಲ್ಲದೆ ಗೋಡೆಗೆ ಹಾಕಬೇಡಿ.

ಪ್ರಿಂಟ್ ಆದ ಕೂಡಲೇ ಫ್ರೇಮ್‌ಗೂ ಹಾಕಬೇಡಿ. ಇಂಕಿನಲ್ಲಿ ನಿಧಾನವಾಗಿ ಆರುವ ದ್ರವಗಳಿರುತ್ತವೆ. ಮುಟ್ಟಲು ಒಣಗಿದಂತಿದ್ದರೂ ಅವು ಇನ್ನೂ ಹೊರಬರುತ್ತಿರುತ್ತವೆ, ಗಾಜಿನ ಒಳಗೆ ಮಂಜು ಕಟ್ಟುತ್ತವೆ. ಮೇಲೆ ಬಿಳಿ ಹಾಳೆ ಹೊದಿಸಿ ಒಂದು ದಿನವಾದರೂ ಬಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಾದರೆ ಇನ್ನೂ ಜಾಸ್ತಿ. ಅಲ್ಲಿನ ತೇವಕ್ಕೆ ಖಾಲಿ ಕಾಗದವೂ ಸುರುಳಿ ಸುತ್ತಿಕೊಳ್ಳುತ್ತದೆ, ಪ್ಯಾಕೆಟ್ಟನ್ನು ಗಾಳಿಯಾಡದ ಕವರಿನಲ್ಲಿಡಿ. ಫ್ರೇಮ್ ಹಾಕಿಸುವಾಗ ಗಾಜು ಮತ್ತು ಫೋಟೊ ನಡುವೆ ದಪ್ಪ ಮೌಂಟ್ ಬೋರ್ಡಿನ ಅಂಚು ಕೊಡಿಸಿ. ಇಲ್ಲದಿದ್ದರೆ ತೇವಕ್ಕೆ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಕಿತ್ತು ಬರುತ್ತದೆ.

ಅಂಗಡಿಯಲ್ಲಿ ಮಾಡಿಸುವವರಿಗೆ

ಒಂದೆರಡು ಫೋಟೊಗೆ ಪ್ರಿಂಟರ್ ಕೊಳ್ಳಬೇಕಿಲ್ಲ. ಆದರೆ ಸಾಮಾನ್ಯ ಕಲರ್ ಲ್ಯಾಬ್‌ಗಳು ಹೆಚ್ಚಾಗಿ ಬಳಸುವುದು ಬೆಳಕಿನಿಂದ ಬಣ್ಣ ಮೂಡುವ ಕಲರ್ ಕಾಗದ. ಅದರಲ್ಲೂ ಬೂದು ಮೂರು ಬಣ್ಣಗಳ ಬೆರಕೆಯೇ, ಹಾಗಾಗಿ ಅಲ್ಲೂ ಹಸಿರು-ನೇರಳೆ ತಪ್ಪುವುದಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಪಿಗ್ಮೆಂಟ್ ಇಂಕ್‌ಜೆಟ್‌ನಲ್ಲಿ ಹತ್ತಿ ಕಾಗದದ ಮೇಲೆ ಮಾಡಿಕೊಡುವವರಿದ್ದಾರೆ. ಫೈನ್ ಆರ್ಟ್ ಪ್ರಿಂಟ್ ಅಥವಾ ಆರ್ಕೈವಲ್ ಪ್ರಿಂಟ್ ಅಂತ ಕೇಳಿ. ಎಷ್ಟು ಬಗೆಯ ಕಪ್ಪು-ಬೂದು ಇಂಕ್ ಇದೆ, ಯಾವ ಕಾಗದ, ಪ್ರೊಫೈಲ್ ಕೊಡುತ್ತಾರಾ ಅಂತ ವಿಚಾರಿಸಿ. ದೊಡ್ಡದಕ್ಕೆ ಆರ್ಡರ್ ಕೊಡುವ ಮೊದಲು ಅದೇ ಕಾಗದದಲ್ಲಿ ಒಂದು ಸಣ್ಣ ಪ್ರಿಂಟ್ ತೆಗೆಸಿ. ಅಂಗಡಿಯ ದೀಪದ ಕೆಳಗೆ ಒಪ್ಪಿಕೊಳ್ಳದೆ ಮನೆಗೆ ತಂದು, ಫೋಟೊ ನೇತುಹಾಕುವ ಗೋಡೆಗೇ ಹಿಡಿದು, ಹಗಲು ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಎರಡು ಹೊತ್ತಲ್ಲೂ ಬೂದು ಬೂದಾಗಿಯೇ ಇದ್ದರೆ ದೊಡ್ಡದಕ್ಕೆ ಹೇಳಬಹುದು.